ಹೆಗಲಿಗೊಗ್ಗುವ ಕ್ಯಾಮರಾ

ಹಾನಗಲ್ಲಿನ ತಾರಕೇಶ್ವರ ದೇವಾಲಯವನ್ನು ನೋಡಿಕೊಂಡು, ಶಿಗ್ಗಾವಿ ತಾಲ್ಲೂಕಿನ ಬಂಕಾಪುರದ ಕೋಟೆಯನ್ನು ಹೊಕ್ಕು, ಸವಣೂರಿನ ದೊಡ್ಡ ಹುಣಸೆ ಮರಗಳ ಕೆಳಗೆ ತುಸು ಹೊತ್ತು ನಿಂತು, ಹಿರೇಕೆರೂರ ತಾಲ್ಲೂಕಿನ ಅಬಲೂರಿನ ಶಾಸನಗಳನ್ನು ಕಂಡು ಬರಬೇಕೆಂದು ಒಬ್ಬರು ಹೊರಟಿದ್ದಾರೆಂದು ಇಟ್ಟುಕೊಳ್ಳೋಣ. ಬುತ್ತಿ ಕಟ್ಟಿಕೊಂಡದ್ದಾಯಿತು, ನೀರು ತುಂಬಿಕೊಂಡದ್ದಾಯಿತು. ಇನ್ನು ಉಳಿದದ್ದು ಒಂದೇ ಪ್ರಶ್ನೆ. ಜೊತೆಗೆ ಯಾವ ಕ್ಯಾಮರಾ ಒಯ್ಯಬೇಕು? ಅಂಗಡಿಗೆ ಹೋದರೆ ಅಲ್ಲಿ ಸಿಗುವುದು ಉತ್ತರವಲ್ಲ, ಅಂಕಿಗಳು. ಇದಕ್ಕೆ ಇಷ್ಟು ಮೆಗಾಪಿಕ್ಸೆಲ್, ಅದಕ್ಕೆ ಅಷ್ಟು ಪಟ್ಟು ಜೂಮ್ ಎಂಬ ಲೆಕ್ಕ ಕೇಳಿ ಕೇಳಿ, ಕೊಳ್ಳಬಂದವರು ಬರಿಗೈಯಲ್ಲಿ ಹಿಂದಿರುಗುವುದೂ ಉಂಟು.

ಈ ಪ್ರಶ್ನೆ ಇಂದು ನಿನ್ನೆಯದೆಂದು ತಿಳಿಯಬಾರದು. ದಾರಿಯಲ್ಲಿ ಹೊತ್ತೊಯ್ಯಲು ಯಾವ ಕ್ಯಾಮರಾ ಅನುಕೂಲ ಎಂಬ ಯೋಚನೆ ನಮ್ಮ ಧಾರವಾಡ ಸೀಮೆಗೆ ಬಂದು ೧೭೦ ವರ್ಷಗಳಾದವು. ಅಂದಿನವರು ಏನನ್ನು ಆರಿಸಿಕೊಂಡರೋ ಅದಕ್ಕೆ ತಕ್ಕಂತೆ ಅಂದಿನ ಕಾಲದ ಕೆಲವು ಸಂಗತಿಗಳು ನಮಗೆ ಉಳಿದು ಬಂದಿವೆ. ಕೆಲವು ಶಾಶ್ವತವಾಗಿ ಕಳೆದುಹೋಗಿವೆ. ಆದುದರಿಂದ ಅಂಗಡಿಗೆ ಹೋಗುವ ಮುನ್ನ ಇತಿಹಾಸದ ಕಡೆ ಒಮ್ಮೆ ತಿರುಗಿ ನೋಡುವುದು ಲೇಸು.

ಫ್ರಾನ್ಸಿನ ದಾಗೆರ್ ತನ್ನ ಛಾಯಾಗ್ರಹಣ ವಿಧಾನವನ್ನು ಲೋಕಕ್ಕೆ ತಿಳಿಸಿದ್ದು ೧೮೩೯ರಲ್ಲಿ. ಇಂಗ್ಲೆಂಡಿನ ಟಾಲ್ಬಟ್ ಕಾಗದದ ಮೇಲೆ ನೆಗೆಟಿವ್ ಪಡೆಯುವ ಕ್ಯಾಲೊಟೈಪ್ ವಿಧಾನಕ್ಕೆ ಪೇಟೆಂಟ್ ಪಡೆದದ್ದು ೧೮೪೧ರಲ್ಲಿ. ಅದಾಗಿ ೧೫ ವರ್ಷ ತುಂಬುವ ಮೊದಲೇ ಕ್ಯಾಮರಾ ಕನ್ನಡ ನಾಡಿನ ಗುಡಿಗಳ ಮುಂದೆ ಬಂದು ನಿಂತಿತ್ತು. ೧೮೫೪ರ ಡಿಸೆಂಬರಿನಲ್ಲಿ ಮದ್ರಾಸು ಸೈನ್ಯದ ಲಿನೇಯಸ್ ಟ್ರೈಪ್ ಮತ್ತು ಡಾಕ್ಟರ್ ನೀಲ್ ಹಳೇಬೀಡು ಬೇಲೂರುಗಳ ಚಿತ್ರ ತೆಗೆದರು. ಮರುವರ್ಷ, ಎಂದರೆ ೧೮೫೫ರಲ್ಲಿ, ಮುಂಬಯಿ ಸರಕಾರವು ಪಶ್ಚಿಮ ಭಾರತದ ಪುರಾತನ ಕಟ್ಟಡಗಳ ಛಾಯಾಚಿತ್ರ ತೆಗೆಯುವ ಕೆಲಸಕ್ಕೆ ಫಿರಂಗಿ ದಳದ ಥಾಮಸ್ ಬಿಗ್ಸ್ ಎಂಬ ಅಧಿಕಾರಿಯನ್ನು ನೇಮಿಸಿತು. ಅದೇ ವರ್ಷದ ಕೊನೆಗೆ ಅವನು ಸೈನ್ಯಕ್ಕೆ ಮರಳಬೇಕಾಯಿತು. ಅವನ ಜಾಗಕ್ಕೆ ವೈದ್ಯನಾದ ವಿಲಿಯಂ ಹೆನ್ರಿ ಪಿಗೌ ಬಂದನು. ಹಾನಗಲ್ಲ, ಬಂಕಾಪುರ, ಹಿರೇಕೆರೂರ ಸೀಮೆಗಳು ಆಗ ಮುಂಬಯಿ ಆಧಿಪತ್ಯದ ಧಾರವಾಡ ಜಿಲ್ಲೆಯಲ್ಲಿದ್ದವು. ಸವಣೂರು ಮಾತ್ರ ನವಾಬರ ಪುಟ್ಟ ಸಂಸ್ಥಾನ. ಅದು ೧೯೪೮ರವರೆಗೂ ಹಾಗೆಯೇ ಉಳಿಯಿತು.

ಆ ದಿನಗಳಲ್ಲಿ ಛಾಯಾಗ್ರಾಹಕನ ಮುಂದೆ ಎರಡು ದಾರಿಗಳಿದ್ದವು. ಒಂದು, ಆಗಷ್ಟೇ ಬಂದಿದ್ದ ಗಾಜಿನ ಹಲಗೆಯ ವಿಧಾನ. ಅದರಲ್ಲಿ ಮೂಡುವ ಚಿತ್ರ ಕೂದಲೆಳೆಯಷ್ಟು ನಯ. ಆದರೆ ಗಾಜಿಗೆ ರಸಾಯನ ಬಳಿದು, ಅದು ಹಸಿಯಾಗಿರುವಾಗಲೇ ಕ್ಯಾಮರಾದೊಳಗಿಟ್ಟು ಚಿತ್ರ ತೆಗೆದು, ಆರುವುದರೊಳಗೆ ಸಂಸ್ಕರಿಸಬೇಕು. ಹೋದಲ್ಲೆಲ್ಲ ಕತ್ತಲೆಯ ಡೇರೆ ಬೇಕು, ಸೀಸೆಗಳು ಬೇಕು, ನೀರು ಬೇಕು. ಎತ್ತಿನ ಗಾಡಿ ಒಂದು ಕೊರಕಲಿಗೆ ಇಳಿದರೆ ಗಾಜು ಚೂರಾಗುವ ಭಯ ಬೇರೆ. ಎರಡನೆಯ ದಾರಿ ಕಾಗದದ್ದು. ಕಾಗದದ ನಾರು ಚಿತ್ರದಲ್ಲಿ ಕಾಣಿಸಿಕೊಂಡು ಅಂಚುಗಳು ಮೆತ್ತಗಾಗುತ್ತಿದ್ದವು, ನಿಜ. ಆದರೆ ಕಾಗದ ಹಗುರ, ಒಡೆಯುವುದಿಲ್ಲ, ಮೊದಲೇ ಸಿದ್ಧಪಡಿಸಿ ಕಟ್ಟಿಟ್ಟುಕೊಳ್ಳಬಹುದು. ಬಿಗ್ಸ್, ಪಿಗೌ ಇಬ್ಬರೂ ಕಾಗದವನ್ನೇ ನೆಚ್ಚಿದರು. ನಯವನ್ನು ಸ್ವಲ್ಪ ಬಿಟ್ಟುಕೊಟ್ಟು ಹಗುರವನ್ನು ಪಡೆದರು. ಹೊತ್ತು ತಿರುಗುವ ಕ್ಯಾಮರಾದ ಇಡೀ ಇತಿಹಾಸ ಈ ಒಂದು ವ್ಯಾಪಾರದಲ್ಲಿ ಅಡಗಿದೆ. ಹಗುರ ಬೇಕೆಂದರೆ ಏನನ್ನಾದರೂ ಕೊಡಲೇಬೇಕು. ಕೊಡುವುದು ಏನನ್ನು ಎಂಬುದಷ್ಟೇ ಪ್ರಶ್ನೆ.

ಗಾಜನ್ನು ಆರಿಸಿಕೊಂಡವರ ಪಾಡು ಹೇಗಿತ್ತೆಂಬುದಕ್ಕೆ ಸ್ಯಾಮ್ಯುಯೆಲ್ ಬೋರ್ನ್ ಸಾಕ್ಷಿ. ೧೮೬೩ರಲ್ಲಿ ಅವನು ಸಿಮ್ಲಾದಿಂದ ಹಿಮಾಲಯದ ಕಡೆ ಹೊರಟಾಗ ಸಾಮಾನು ಹೊರುವುದಕ್ಕೆ ಸುಮಾರು ೩೦ ಕೂಲಿಗಳು ಬೇಕಾದರು. ಒಂದು ಕ್ಯಾಮರಾದ ಹಿಂದೆ ಒಂದು ಮದುವೆಯ ದಿಬ್ಬಣ ಹೊರಟಂತೆಯೇ ಸರಿ!

ಅಂದು ತೆಗೆದ ಚಿತ್ರಗಳಿಂದ ಆದ ಪ್ರಯೋಜನವೇನು? ಪಿಗೌ, ನೀಲ್ ಮತ್ತು ಬಿಗ್ಸ್ ತೆಗೆದ ಚಿತ್ರಗಳು ೧೮೬೬ರಲ್ಲಿ ಲಂಡನ್ನಿನಲ್ಲಿ, ಧಾರವಾಡ ಮತ್ತು ಮೈಸೂರುಗಳ ವಾಸ್ತುಶಿಲ್ಪವನ್ನು ಕುರಿತ ಒಂದು ದೊಡ್ಡ ಗ್ರಂಥವಾಗಿ ಹೊರಬಂದವು. ಖರ್ಚಿಗೆ ನೆರವಾದವರು ಮುಂಬಯಿಯ ವರ್ತಕ ಪ್ರೇಮಚಂದ ರಾಯಚಂದರು. ಇತಿಹಾಸದ ಭಾಗವನ್ನು ಮೆಡೋಸ್ ಟೇಲರ್ ಬರೆದನು. ಶಿಲ್ಪದ ಟಿಪ್ಪಣಿಗಳನ್ನು ಜೇಮ್ಸ್ ಫರ್ಗ್ಯುಸನ್ ಬರೆದನು. ಪಿಗೌ ಅದನ್ನು ನೋಡಲು ಬದುಕಿರಲಿಲ್ಲ, ೧೮೫೮ರಲ್ಲಿಯೇ ತೀರಿಕೊಂಡಿದ್ದನು.

ಇದಕ್ಕಿಂತ ಹೆಚ್ಚಿನದು ಶಾಸನಗಳ ಮಾತು. ೧೮೬೫ರಲ್ಲಿ ಮೇಜರ್ ಡಿಕ್ಸನ್ ಎಂಬಾತ ಮೈಸೂರು ಸೀಮೆಯ ಶಾಸನಗಳ ಛಾಯಾಚಿತ್ರಗಳನ್ನು ತೆಗೆದನು. ಹಿರೇಕೆರೂರಿಗೆ ನೆರೆಯಾದ ಬಳ್ಳಿಗಾವಿಯ ಶಾಸನಗಳೂ ಅವುಗಳಲ್ಲಿದ್ದವು. ಬಿ. ಎಲ್. ರೈಸ್ ಅವರು ಆ ಚಿತ್ರಗಳನ್ನೇ ಮುಂದಿಟ್ಟುಕೊಂಡು ಓದಿ, ೧೮೭೯ರಲ್ಲಿ ಮೈಸೂರು ಶಾಸನಗಳ ಅನುವಾದವನ್ನು ಪ್ರಕಟಿಸಿದರು. ಮುಂದೆ ‘ಎಪಿಗ್ರಾಫಿಯ ಕರ್ನಾಟಿಕ’ ಎಂಬ ಮಹಾಕಾರ್ಯಕ್ಕೆ ಕೈಹಾಕಿದವರೂ ಅವರೇ. ಕಲ್ಲಿನ ಮುಂದೆ ಕ್ಯಾಮರಾ ನಿಲ್ಲಿಸಿದ್ದರಿಂದ ಕನ್ನಡದ ಚರಿತ್ರೆಗೆ ಒಂದು ಬಾಗಿಲು ತೆರೆಯಿತೆಂದರೆ ಉತ್ಪ್ರೇಕ್ಷೆಯಲ್ಲ. ಪುರಾತತ್ತ್ವ ಇಲಾಖೆಯ ಹೆನ್ರಿ ಕಸಿನ್ಸ್ ಹಾನಗಲ್ಲ ಮೊದಲಾದ ಊರುಗಳ ಚಾಲುಕ್ಯ ದೇವಾಲಯಗಳ ವಿವರಗಳನ್ನೂ ಚಿತ್ರಗಳನ್ನೂ ಕೂಡಿಸಿ ೧೯೨೬ರಲ್ಲಿ ಪ್ರಕಟಿಸಿದ ಗ್ರಂಥವನ್ನು ವಿದ್ವಾಂಸರು ಇಂದಿಗೂ ತಿರುವಿ ಹಾಕುತ್ತಾರೆ.

ಆದರೆ ಆ ಮೊದಲ ಚಿತ್ರಗಳಲ್ಲಿ ಒಂದು ಕೊರತೆಯುಂಟು. ಗುಡಿ ಇದೆ, ಕಂಬವಿದೆ, ಶಿಖರವಿದೆ, ಜನರಿಲ್ಲ. ಇದ್ದರೂ ಕಂಬದ ಎತ್ತರ ತಿಳಿಯಲೆಂದು ಅಳತೆಗೋಲಿನಂತೆ ನಿಲ್ಲಿಸಿದ ಒಬ್ಬಿಬ್ಬರು. ಅವರ ಹೆಸರಿಲ್ಲ, ಊರಿಲ್ಲ. ಕಾಗದದ ನೆಗೆಟಿವ್ ಬೆಳಕನ್ನು ಕುಡಿಯಲು ನಿಮಿಷಗಟ್ಟಲೆ ಹೊತ್ತು ಬೇಕಾಗಿತ್ತು. ಅಷ್ಟು ಹೊತ್ತು ಕಲ್ಲು ಅಲುಗದೆ ನಿಲ್ಲುತ್ತದೆ. ನೀರು ಹೊತ್ತ ತಾಯಿ ನಿಲ್ಲುವುದಿಲ್ಲ, ಆಡುವ ಮಗು ನಿಲ್ಲುವುದಿಲ್ಲ, ಸಂತೆ ನಿಲ್ಲುವುದಿಲ್ಲ. ೧೮೫೭ರ ಧಾರವಾಡ ಸೀಮೆಯ ಗುಡಿಯ ಗೋಡೆ ಹೇಗಿತ್ತೆಂದು ನಾವು ಇಂದು ನೋಡಬಲ್ಲೆವು. ಆ ಗುಡಿಯ ಮುಂದೆ ಕೂತು ಎಲೆ ಮಾರುತ್ತಿದ್ದವರ ಮುಖವನ್ನು ನೋಡಲಾರೆವು. ಏನನ್ನು ಚಿತ್ರಿಸಬೇಕೆಂದು ಗೊತ್ತುಮಾಡಿದ್ದು ಸರಕಾರ. ಏನು ಚಿತ್ರಕ್ಕೆ ಸಿಗಬಹುದೆಂದು ಗೊತ್ತುಮಾಡಿದ್ದು ಕ್ಯಾಮರಾದ ತೂಕ ಮತ್ತು ಅದರ ನಿಧಾನ. ನಮ್ಮ ಮುತ್ತಜ್ಜ ಮುತ್ತಜ್ಜಿಯರ ಕೈಯಲ್ಲಿ ಯಾವ ತೀರ್ಮಾನವೂ ಇರಲಿಲ್ಲ.

ಈ ತೂಕ, ಈ ನಿಧಾನ ಕರಗಿದ ಕಥೆಯನ್ನು ಚಿಕ್ಕದಾಗಿ ಹೇಳುತ್ತೇನೆ. ೧೮೭೧ರಲ್ಲಿ ಇಂಗ್ಲೆಂಡಿನ ವೈದ್ಯ ಮ್ಯಾಡಕ್ಸ್ ಒಣ ಹಲಗೆಯ ವಿಧಾನವನ್ನು ತಿಳಿಸಿದ ಮೇಲೆ ಕತ್ತಲೆಯ ಡೇರೆಯ ಕಾಟ ತಪ್ಪಿತು. ೧೮೮೮ರಲ್ಲಿ ಅಮೆರಿಕದ ಈಸ್ಟ್‌ಮನ್ ೧೦೦ ಚಿತ್ರಗಳ ಸುರುಳಿ ತುಂಬಿದ ‘ಕೊಡಾಕ್’ ಪೆಟ್ಟಿಗೆಯನ್ನು ೨೫ ಡಾಲರಿಗೆ ಮಾರಿದನು. ೧೯೦೦ರಲ್ಲಿ ಬಂದ ‘ಬ್ರೌನಿ’ಯ ಬೆಲೆ ಒಂದೇ ಡಾಲರು. ಮಕ್ಕಳೂ ಕ್ಯಾಮರಾ ಹಿಡಿಯುವ ಕಾಲ ಬಂದಿತು. ಜರ್ಮನಿಯ ಆಸ್ಕರ್ ಬಾರ್ನಾಕ್‌ನಿಗೆ ಉಬ್ಬಸದ ತೊಂದರೆಯಿತ್ತು. ಭಾರದ ಕ್ಯಾಮರಾ ಹೊತ್ತು ಗುಡ್ಡ ಹತ್ತುವುದು ಆಗದ ಮಾತು. ಚಲನಚಿತ್ರದ ಫಿಲ್ಮನ್ನು ಅಡ್ಡಲಾಗಿ ಓಡಿಸಿ, ೩೬ ಮಿ.ಮೀ. ಅಗಲ ೨೪ ಮಿ.ಮೀ. ಎತ್ತರದ ಚಿಕ್ಕ ಚಿತ್ರ ತೆಗೆದು, ಆಮೇಲೆ ಹಿಗ್ಗಿಸಿಕೊಳ್ಳಬಹುದೆಂದು ಅವನು ಕಂಡುಕೊಂಡನು. ಆ ಯೋಚನೆಯೇ ೧೯೨೫ರಲ್ಲಿ ‘ಲೈಕಾ’ ಎಂಬ ಹೆಸರಿನಿಂದ ಪೇಟೆಗೆ ಬಂದಿತು. ಇಂದಿನ ಡಿಜಿಟಲ್ ಕ್ಯಾಮರಾಗಳಲ್ಲಿ ‘ಫುಲ್ ಫ್ರೇಮ್’ ಎಂದು ಕರೆಯುವುದು ಆ ೩೬ಕ್ಕೆ ೨೪ರ ಅಳತೆಯನ್ನೇ.

ಅಂಥ ಹಗುರ ಕ್ಯಾಮರಾಗಳಿಂದ ಏನು ಸಾಧ್ಯವಾಯಿತೆಂಬುದಕ್ಕೆ ಹೊರಗೆಲ್ಲೋ ಹುಡುಕಬೇಕಾಗಿಲ್ಲ. ಮೈಸೂರಿನಲ್ಲಿ ೧೯೨೩ರಲ್ಲಿ ಹುಟ್ಟಿದ ಟಿ. ಎಸ್. ಸತ್ಯನ್ ಅವರು ದೇಶವನ್ನೆಲ್ಲ ಸುತ್ತಿ, ಸಾಮಾನ್ಯ ಜನರ ದಿನದ ಬಾಳನ್ನು ಚಿತ್ರಗಳಲ್ಲಿ ಹಿಡಿದರು. ೧೯೭೯ರ ಅಂತರರಾಷ್ಟ್ರೀಯ ಮಕ್ಕಳ ವರ್ಷದಲ್ಲಿ ಅವರು ತೆಗೆದ ಮಕ್ಕಳ ಚಿತ್ರಗಳು ವಿಶ್ವಸಂಸ್ಥೆಯ ಕಚೇರಿಯಲ್ಲಿ ಪ್ರದರ್ಶಿತವಾದವು. ಪಿಗೌನ ಕ್ಯಾಮರಾಕ್ಕೆ ದಕ್ಕದ ನಗೆ ಸತ್ಯನ್ನರ ಕ್ಯಾಮರಾಕ್ಕೆ ದಕ್ಕಿತು. ಕಣ್ಣಿನ ಗುಣ ಅವರದು. ಆದರೆ ಕೈಯಲ್ಲಿದ್ದ ಪೆಟ್ಟಿಗೆ ಹಗುರವೂ ಚುರುಕೂ ಆಗಿರದಿದ್ದರೆ ಆ ಕಣ್ಣು ಏನು ಮಾಡೀತು?

ಇನ್ನು ಡಿಜಿಟಲ್ ಯುಗ. ಬೆಳಕನ್ನು ವಿದ್ಯುತ್ತಾಗಿ ಮಾರ್ಪಡಿಸಿ ಎಣಿಸುವ ಸಿಸಿಡಿ ಎಂಬ ಬಿಲ್ಲೆಯ ಯೋಚನೆ ೧೯೬೯ರಲ್ಲಿ ಬಾಯ್ಲ್ ಮತ್ತು ಸ್ಮಿತ್ ಎಂಬ ವಿಜ್ಞಾನಿಗಳಿಗೆ ಹೊಳೆಯಿತು. ೧೯೭೫ರಲ್ಲಿ ಕೊಡಾಕ್ ಕಂಪನಿಯ ತರುಣ ಎಂಜಿನಿಯರ್ ಸ್ಟೀವನ್ ಸ್ಯಾಸನ್ ಅಂಥ ಬಿಲ್ಲೆಯಿಂದ ಒಂದು ಕ್ಯಾಮರಾ ಕಟ್ಟಿದನು. ತೂಕ ಸುಮಾರು ೩.೬ ಕಿಲೋಗ್ರಾಮ್, ಚಿತ್ರದಲ್ಲಿದ್ದ ಚುಕ್ಕೆಗಳು ೧೦,೦೦೦, ಒಂದು ಚಿತ್ರವನ್ನು ಕ್ಯಾಸೆಟ್ಟಿಗೆ ಬರೆದುಕೊಳ್ಳಲು ೨೩ ಸೆಕೆಂಡು. ಅಲ್ಲಿಂದ ಮುಂದೆ ೩೫ ವರ್ಷಗಳಲ್ಲಿ, ೨೦೧೦ರ ಒಂದೇ ವರ್ಷ, ಜಗತ್ತಿನಲ್ಲಿ ೧೨ ಕೋಟಿಗೂ ಮಿಕ್ಕಿ ಡಿಜಿಟಲ್ ಕ್ಯಾಮರಾಗಳು ಕಾರ್ಖಾನೆಗಳಿಂದ ಹೊರಬಿದ್ದವು. ೨೦೨೦ರ ಹೊತ್ತಿಗೆ ಆ ಸಂಖ್ಯೆ ೧ ಕೋಟಿಗಿಂತ ಕೆಳಗಿಳಿಯಿತು. ಚಿಕ್ಕ ಕ್ಯಾಮರಾದ ಕೆಲಸವನ್ನು ಜೇಬಿನಲ್ಲಿದ್ದ ಮೊಬೈಲು ವಹಿಸಿಕೊಂಡಿತು. ಹಾಗಾದರೆ ಬೇರೊಂದು ಕ್ಯಾಮರಾ ಯಾಕೆ ಬೇಕು? ಇದಕ್ಕೆ ಉತ್ತರ ಹೇಳಬಲ್ಲವು ನಾವು ಹೊರಟ ನಾಲ್ಕು ತಾಣಗಳೇ.

ಮೊದಲು ಹಾನಗಲ್ಲು. ತಾರಕೇಶ್ವರನ ಗುಡಿಯ ಚೆಲುವೆಲ್ಲ ಮಂಟಪದ ಛಾವಣಿಯಲ್ಲಿ ಕೂಡಿಕೊಂಡಿದೆ. ಮೆಟ್ಟಿಲು ಮೆಟ್ಟಿಲಾಗಿ ಕಿರಿದಾಗುತ್ತ ಮೇಲೇರುವ ಗುಮ್ಮಟ, ಅದರ ನಡುವಿನಿಂದ ಕೆಳಕ್ಕೆ ಇಳಿಬಿದ್ದ ಕಲ್ಲಿನ ಕಮಲ. ಆದರೆ ಅಲ್ಲಿ ಬೆಳಕು ಕಡಿಮೆ. ರಕ್ಷಿತ ಸ್ಮಾರಕವಾದ್ದರಿಂದ ಮುಕ್ಕಾಲಿ ನಿಲ್ಲಿಸಲು ಮೊದಲೇ ಅನುಮತಿ ಬೇಕು. ಕೈಯಲ್ಲಿಯೇ ಹಿಡಿದು ತೆಗೆಯಬೇಕಾದಾಗ ಮೂರು ಗುಣಗಳು ನೆರವಿಗೆ ಬರುತ್ತವೆ. ಒಂದು, ಸೆನ್ಸರ್ ಎಂಬ ಬೆಳಕು ಹಿಡಿಯುವ ಬಿಲ್ಲೆ ದೊಡ್ಡದಿರಬೇಕು. ಎರಡು, ಲೆನ್ಸಿನ ಕಿಂಡಿ ಅಗಲವಾಗಿ ತೆರೆಯಬೇಕು. ಮೂರು, ಕೈನಡುಕವನ್ನು ಸರಿದೂಗಿಸುವ ಏರ್ಪಾಡು ಒಳಗಿರಬೇಕು.

ಸೆನ್ಸರಿನ ಮಾತನ್ನು ಅಂಗಡಿಯವರು ಹೇಳುವುದು ಕಡಿಮೆ. ಆದ್ದರಿಂದ ಲೆಕ್ಕ ಹೇಳುತ್ತೇನೆ. ಲೈಕಾದ ಅಳತೆಯ ಸೆನ್ಸರಿನ ಕ್ಷೇತ್ರ ೮೬೪ ಚದರ ಮಿ.ಮೀ. ಎಪಿಎಸ್-ಸಿ ಎಂಬುದು ಸುಮಾರು ೩೬೭, ಮೈಕ್ರೋ ಫೋರ್ ಥರ್ಡ್ಸ್ ೨೨೫, ಒಂದಿಂಚಿನದೆಂದು ಹೆಸರಾದದ್ದು ೧೧೬. ಅಗ್ಗದ ಜೇಬು ಕ್ಯಾಮರಾಗಳಲ್ಲಿ ಇರುತ್ತಿದ್ದ ಸೆನ್ಸರ್ ಸುಮಾರು ೨೮ ಚದರ ಮಿ.ಮೀ. ಮಾತ್ರ. ಮಳೆಗೆ ಒಡ್ಡಿದ ಪಾತ್ರೆಯ ಬಾಯಿ ಎಷ್ಟು ಅಗಲವೋ ಅಷ್ಟು ನೀರು. ಹಾಗೆಯೇ ಎಫ್ ೧.೮ರ ಕಿಂಡಿ ಎಫ್ ೫.೬ರ ಕಿಂಡಿಗಿಂತ ಸುಮಾರು ೧೦ ಪಟ್ಟು ಬೆಳಕನ್ನು ಒಳಗೆ ಬಿಡುತ್ತದೆ. ಚಿಕ್ಕ ಪಾತ್ರೆಯನ್ನು ಎಷ್ಟು ಕೋಟಿ ಮನೆಗಳಾಗಿ ಹಂಚಿದರೂ ಒಳಗಿನ ನೀರು ಹೆಚ್ಚುವುದಿಲ್ಲ. ಮೆಗಾಪಿಕ್ಸೆಲ್ಲಿನ ಜಂಬಕ್ಕೆ ಇಷ್ಟೇ ಅರ್ಥ.

ಎರಡನೆಯದು ಬಂಕಾಪುರ. ಕೋಟೆಯೊಳಗಿನ ನಗರೇಶ್ವರ ದೇವಾಲಯವನ್ನು ಜನ ಅರವತ್ತು ಕಂಬದ ಗುಡಿ ಎನ್ನುತ್ತಾರೆ. ಅದರ ಸಾಲುಗಂಬಗಳನ್ನು ಒಂದೇ ನೋಟದಲ್ಲಿ ಹಿಡಿಯಲು ಅಗಲ ನೋಟದ ಲೆನ್ಸು ಬೇಕು. ಹಳೆಯ ಲೆಕ್ಕದಲ್ಲಿ ೨೪ ಅಥವಾ ೨೮ ಮಿ.ಮೀ. ಆದರೆ ಅದೇ ಕೋಟೆಯೊಳಗೆ ನವಿಲುಧಾಮವೂ ಇದೆ. ದೂರದ ಬೇಲಿಯ ಮೇಲೆ ಕೂತ ನವಿಲು ಬೇಕೆಂದರೆ ೩೦೦ ಮಿ.ಮೀ.ಗೂ ಮೀರಿದ ದೂರನೋಟ ಬೇಕು. ಎರಡನ್ನೂ ಒಂದೇ ಜೇಬಿಗೆ ತುಂಬುವವರು ಸೆನ್ಸರನ್ನು ಚಿಕ್ಕದು ಮಾಡಿಯೇ ತುಂಬಬೇಕು. ಆದ್ದರಿಂದ ಕೊಳ್ಳುವವರು ತಮ್ಮನ್ನೇ ಕೇಳಿಕೊಳ್ಳಬೇಕು: ವರ್ಷದಲ್ಲಿ ನವಿಲು ಎಷ್ಟು ದಿನ, ಮನೆಮಂದಿ ಎಷ್ಟು ದಿನ? ನವಿಲೇ ಹೆಚ್ಚೆನ್ನುವವರು ಉದ್ದ ಜೂಮಿನದನ್ನು ಕೊಳ್ಳಲಿ. ಉಳಿದವರಿಗೆ ೨೪ರಿಂದ ೧೦೦ ಮಿ.ಮೀ. ಧಾರಾಳವಾಯಿತು.

ಮೂರನೆಯದು ಸವಣೂರು. ದೊಡ್ಡಹುಣಸೆ ಮಠದ ಆವರಣದಲ್ಲಿ ಆಫ್ರಿಕಾ ಮೂಲದ ಮೂರು ಬೃಹತ್ ವೃಕ್ಷಗಳು ತಲೆತಲಾಂತರದಿಂದ ನಿಂತಿದ್ದವು. ೨೦೨೩ರ ಮಳೆಗಾಲದಲ್ಲಿ ಅವುಗಳಲ್ಲಿ ಒಂದು ಉರುಳಿತು. ಅದನ್ನು ಮತ್ತೆ ನೆಟ್ಟು ಉಳಿಸುವ ಯತ್ನ ನಡೆಯಿತು. ಮೂರೂ ಮರಗಳು ಮೊದಲಿನಂತೆ ನಿಂತಿದ್ದಾಗಿನ ಚಿತ್ರ ಯಾರ ಮನೆಯಲ್ಲಿದೆಯೋ ಅವರ ಬಳಿ ಈಗ ಇರುವುದು ಬರಿಯ ಪಟವಲ್ಲ, ಊರಿನ ಒಂದು ದಾಖಲೆ. ಅಂಥ ಚಿತ್ರವನ್ನು ಯಾರೂ ದಾಖಲೆಗೆಂದು ತೆಗೆದಿರಲಿಕ್ಕಿಲ್ಲ. ಹಬ್ಬಕ್ಕೆ ಬಂದ ಅಳಿಯನನ್ನು ಮರದ ಮುಂದೆ ನಿಲ್ಲಿಸಿ ತೆಗೆದಿರಬಹುದು. ದಿನಬಳಕೆಯ ಕ್ಯಾಮರಾದ ಹಿರಿಮೆ ಇಲ್ಲಿದೆ. ಇನ್ನು ಸವಣೂರಿನ ಎಲೆ ಪೇಟೆಯಲ್ಲಿ, ಅಂಗಡಿ ಸಾಲಿನಲ್ಲಿ, ಕ್ಯಾಮರಾ ಚಿಕ್ಕದೂ ಚುರುಕೂ ಆಗಿದ್ದಷ್ಟು ಜನ ಸಹಜವಾಗಿರುತ್ತಾರೆ. ಉದ್ದ ಮೂತಿಯ ಯಂತ್ರ ಎತ್ತಿದರೆ ಮಾತನಾಡುತ್ತಿದ್ದವರು ಸೆಟೆದು ನಿಲ್ಲುತ್ತಾರೆ. ೨೮ ಅಥವಾ ೩೫ ಮಿ.ಮೀ.ನ ಒಂದೇ ಲೆನ್ಸು ಜೋಡಿಸಿದ ದೊಡ್ಡ ಸೆನ್ಸರಿನ ಕ್ಯಾಮರಾಗಳು ಇಂಥ ಕಡೆ ಒಪ್ಪುತ್ತವೆ. ೨೦೧೧ರಲ್ಲಿ ಬಂದ ಫ್ಯೂಜಿಫಿಲ್ಮ್ ಎಕ್ಸ್ ೧೦೦, ೨೦೧೩ರಲ್ಲಿ ಬಂದ ರಿಕೋ ಜಿಆರ್ ಈ ಜಾತಿಯವು. ೨೦೧೨ರ ಸೋನಿ ಆರ್‌ಎಕ್ಸ್ ೧೦೦ ಒಂದಿಂಚಿನ ಸೆನ್ಸರನ್ನೂ ಜೂಮನ್ನೂ ಸುಮಾರು ೨೪೦ ಗ್ರಾಮಿನಲ್ಲಿ ಅಡಗಿಸಿತು. ಮುಖದ ಚಿತ್ರ ತೆಗೆಯುವ ಮೊದಲು ಒಂದು ಮಾತು ಕೇಳುವುದನ್ನು ಮಾತ್ರ ಮರೆಯಬಾರದು. ಅದಕ್ಕೆ ಯಾವ ಯಂತ್ರವೂ ಬೇಡ.

ನಾಲ್ಕನೆಯದು ಅಬಲೂರು. ಏಕಾಂತದ ರಾಮಯ್ಯನ ಕಥೆಯನ್ನು ಹೇಳುವ ಶಾಸನವೂ ಶಿಲ್ಪಗಳೂ ಇರುವ ಊರಿದು. ಇಲ್ಲಿನ ಶಾಸನಗಳನ್ನು ಫ್ಲೀಟ್ ಅವರು ‘ಎಪಿಗ್ರಾಫಿಯಾ ಇಂಡಿಕಾ’ದ ೫ನೆಯ ಸಂಪುಟದಲ್ಲಿ ಪ್ರಕಟಿಸಿದ್ದಾರೆ. ಅಕ್ಷರಗಳ ಚಿತ್ರ ತೆಗೆಯಲು ಬೇಕಾದದ್ದು ದುಬಾರಿ ಯಂತ್ರಕ್ಕಿಂತ ಹೆಚ್ಚಾಗಿ ಓರೆ ಬೆಳಕು. ಬಯಲಿನ ಕಲ್ಲಾದರೆ ಬೆಳಗ್ಗೆ ಅಥವಾ ಸಂಜೆ ಬಿಸಿಲು ಕಲ್ಲನ್ನು ಸವರಿಕೊಂಡು ಹೋಗುವಾಗ ತೆಗೆಯಬೇಕು. ನೆರಳಿನಲ್ಲಿದ್ದರೆ ಜೊತೆಯವರೊಬ್ಬರು ಪಕ್ಕದಿಂದ ಟಾರ್ಚು ಹಿಡಿಯಲಿ. ಕ್ಯಾಮರಾದ ಮೇಲಿರುವ ಫ್ಲಾಷ್ ಎದುರಿನಿಂದ ಬಡಿದರೆ ಅಕ್ಷರದ ಗೆರೆಗಳು ಚಪ್ಪಟೆಯಾಗಿ ಅಳಿಸಿಹೋದಂತೆ ಕಾಣುತ್ತವೆ. ಕಲ್ಲಿಗೆ ನೇರವಾಗಿ ನಿಂತು ಮೊದಲು ಇಡಿಯಾಗಿ, ಆಮೇಲೆ ಸಾಲು ಸಾಲಾಗಿ ತೆಗೆಯುವುದು ಒಳ್ಳೆಯದು. ಈ ಕೆಲಸಕ್ಕೆ ಒಳ್ಳೆಯ ಮೊಬೈಲೂ ಸಾಕಾಗುತ್ತದೆ. ಸುಣ್ಣ, ಎಣ್ಣೆ, ಸೀಮೆಸುಣ್ಣಗಳನ್ನು ಶಾಸನಕ್ಕೆ ಬಳಿಯಕೂಡದು.

ಇವೆಲ್ಲವನ್ನೂ ಕೂಡಿಸಿ ನೋಡಿದರೆ ಸರಳವಾದ ಒಂದು ಸೂತ್ರ ಸಿಗುತ್ತದೆ. ಹಗಲಿನಲ್ಲಿ ಮನೆ, ಹೊಲ, ಶಾಸನ ಇಷ್ಟೇ ಸಾಕೆನ್ನುವವರಿಗೆ ಕೈಯಲ್ಲಿರುವ ಮೊಬೈಲು ಸಾಕು, ಹಣ ಉಳಿಯಿತು. ಮಂದ ಬೆಳಕಿನ ಗುಡಿ, ಸಂಜೆಯ ಜಾತ್ರೆ, ರಾತ್ರಿಯ ಬಯಲಾಟ ಬೇಕೆನ್ನುವವರು ಒಂದಿಂಚು ಅಥವಾ ಅದಕ್ಕೂ ದೊಡ್ಡ ಸೆನ್ಸರಿನ, ಕಿಂಡಿ ಅಗಲವಾಗಿ ತೆರೆಯುವ ಕ್ಯಾಮರಾವನ್ನು ಕೊಳ್ಳಲಿ. ಲೆನ್ಸು ಬದಲಿಸುವ ಕ್ಯಾಮರಾ ಕೊಂಡರೆ ಒಂದೇ ಲೆನ್ಸಿನಿಂದ ಒಂದು ವರ್ಷ ಕಳೆಯಲಿ. ಮಧ್ಯಾಹ್ನದ ಬಿಸಿಲಿನಲ್ಲಿ ಹಿಂಬದಿಯ ಪರದೆ ಕಾಣದಾಗುವುದರಿಂದ ಕಣ್ಣಿಟ್ಟು ನೋಡುವ ಕಿಂಡಿ ಇದ್ದರೆ ಲೇಸು. ಹೆಚ್ಚುವರಿ ಬ್ಯಾಟರಿ ಒಂದಿರಲಿ. ಬೇಸಿಗೆಯ ಧೂಳಿಗೂ ಶ್ರಾವಣದ ಜಿಟಿಜಿಟಿಗೂ ಮುಚ್ಚುವ ಒಂದು ಚೀಲವಿರಲಿ. ಎಲ್ಲಕ್ಕಿಂತ ಮೊದಲು ಅಂಗಡಿಯಲ್ಲಿ ಅದನ್ನು ಹೆಗಲಿಗೆ ಹಾಕಿಕೊಂಡು ಹತ್ತು ನಿಮಿಷ ಅಡ್ಡಾಡಬೇಕು. ಭಾರವೆಂದು ಮನೆಯಲ್ಲಿ ಬಿಟ್ಟುಹೋಗುವ ಕ್ಯಾಮರಾ ಎಷ್ಟೇ ಉತ್ತಮವಾಗಿದ್ದರೂ ಕನ್ನಡಿಯೊಳಗಿನ ಗಂಟಿನಂತೆ.

ಕೊನೆಯದಾಗಿ ಇನ್ನೊಂದು ಮಾತು. ೧೮೫೫ರ ಕಾಗದದ ನೆಗೆಟಿವಿನಿಂದ ತೆಗೆದ ಚಿತ್ರಗಳು ಇಂದಿಗೂ ಗ್ರಂಥಾಲಯಗಳಲ್ಲಿ ಉಳಿದಿವೆ. ಈಗ ನಾವು ತೆಗೆದ ಸಾವಿರಾರು ಚಿತ್ರಗಳು ಮೊಬೈಲು ನೀರಿಗೆ ಬಿದ್ದರೆ ಒಂದು ಗಳಿಗೆಯಲ್ಲಿ ಮಾಯ. ಹಗುರವಾದದ್ದಕ್ಕೆ ಈ ಕಾಲ ಕೇಳುವ ಬೆಲೆ ಇದು. ಆದ್ದರಿಂದ ಕ್ಯಾಮರಾಕ್ಕೆ ತೆಗೆದಿಟ್ಟ ಹಣದಲ್ಲಿ ಸ್ವಲ್ಪ ಪಾಲನ್ನು ಕಾಪಾಡುವುದಕ್ಕೆಂದು ಮೀಸಲಿಡಬೇಕು. ಚಿತ್ರಗಳನ್ನು ಎರಡು ಬೇರೆ ಬೇರೆ ಡಿಸ್ಕುಗಳಲ್ಲಿ ಇಡಬೇಕು. ಒಂದು ಪ್ರತಿ ಬೇರೊಂದು ಮನೆಯಲ್ಲಿರಬೇಕು. ವರ್ಷಕ್ಕೆ ಇಪ್ಪತ್ತೈದಾದರೂ ಚಿತ್ರಗಳನ್ನು ಕಾಗದದ ಮೇಲೆ ಅಚ್ಚು ಹಾಕಿಸಿ, ಹಿಂಬದಿಯಲ್ಲಿ ಊರು, ದಿನ, ಚಿತ್ರದಲ್ಲಿರುವವರ ಹೆಸರು ಬರೆಯಬೇಕು.

ಅಳತೆಗೋಲಿನಂತೆ ಕಂಬದ ಪಕ್ಕ ನಿಂತ ಆ ಹೆಸರಿಲ್ಲದವರಿಗೆ ಆಗ ಆದ ಅನ್ಯಾಯವನ್ನು ಇಂದು ತಿದ್ದಲಾಗದು. ನಮ್ಮ ಕಾಲದವರಿಗೆ ಅದು ಮತ್ತೆ ಆಗದಂತೆ ನೋಡಿಕೊಳ್ಳಬಹುದು. ಹಾನಗಲ್ಲಿನ ಮಾವಿನ ತೋಟದಲ್ಲಿ ಕಾಯಿ ಕೀಳುವವರನ್ನು, ಶಿಶುನಾಳದ ಜಾತ್ರೆಯಲ್ಲಿ ಹಾಡುವವರನ್ನು, ಸವಣೂರಿನ ಎಲೆ ಪೆಂಡಿ ಕಟ್ಟುವವರನ್ನು, ಹಿರೇಕೆರೂರ ಕೆರೆಯ ಏರಿಯ ಮೇಲೆ ದನ ಹೊಡೆದುಕೊಂಡು ಬರುವವರನ್ನು ಅವರ ಊರವರೇ ಚಿತ್ರದಲ್ಲಿ ಹಿಡಿದು, ಹೆಸರು ಬರೆದಿಡಲಿ. ಅದಕ್ಕೆ ಎಂಥ ಕ್ಯಾಮರಾ ಬೇಕೆಂದು ಕೇಳಿದರೆ, ದಿನವೂ ಜೊತೆಗೆ ಒಯ್ಯಲು ಬೇಸರವಾಗದಂಥದು, ಗುಡಿಯ ಮಬ್ಬಿನಲ್ಲಿಯೂ ಕೈಬಿಡದಂಥದು ಎಂದಷ್ಟೇ ಹೇಳಬಹುದು. ಉಳಿದ ಅಂಕಿಗಳೆಲ್ಲ ಅಂಗಡಿಯವರ ಲೆಕ್ಕ.